ಬಿಟ್ಟು ಕಳಿಸುವ ಕೂಗು

ನನ್ನ ಹೆಸರು ದ್ರಾಕ್ಷಾಯಣಮ್ಮ. ಇಪ್ಪತ್ತಾರು ವರ್ಷದಿಂದ ದಾವಣಗೆರೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಹುಳಿ ದ್ರಾಕ್ಷಿ’ ಎನ್ನುತ್ತಾರೆಂದು ನನಗೆ ಗೊತ್ತು. ಅನ್ನಲಿ ಬಿಡಿ, ಸುಳ್ಳೇನಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ನಾನು. ಆದರೆ ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ರಾಜಕುಮಾರ್ ಎಂಬ ಹಕ್ಕಿಪಿಕ್ಕಿ ಅಜ್ಜನ ಕಥೆ. ಅವರನ್ನು ನಾನು ನೋಡಿದ್ದು ಮೂರೇ ಸಲ. ಮೊದಲೆರಡು ಸಲ ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮೂರನೇ ಸಲ ನೋಡಿದಾಗ ಅವರಿಗೆ ಮಾತೇ ಇರಲಿಲ್ಲ.

ಹೋದ ವರ್ಷ ಜೂನ್ ತಿಂಗಳು. ವಿದ್ಯಾರ್ಥಿವೇತನದ ಪಟ್ಟಿ ಮಾಡಬೇಕಿತ್ತು. ಅದಕ್ಕೆ ನಮ್ಮ ಶಾಲೆಗಳಲ್ಲಿ ನಡೆದುಬಂದಿರುವ ಕ್ರಮ ಒಂದೇ. ತರಗತಿಗೆ ಹೋಗಿ, “ಎಸ್‌ಟಿ ಮಕ್ಕಳು ಎದ್ದು ನಿಲ್ರಿ” ಅನ್ನುವುದು, ಎದ್ದವರ ಹೆಸರು ಬರೆದುಕೊಳ್ಳುವುದು. ಒಂಬತ್ತನೇ ‘ಬಿ’ಯಲ್ಲಿ ಮೂರನೇ ಪೀರಿಯಡ್‌ನಲ್ಲಿ ಹಾಗೆ ಅಂದಾಗ ಕಿಟಕಿ ಪಕ್ಕದ ಬೆಂಚಿನಿಂದ ಸುನೀತಾ ಎದ್ದಳು. ಹಾಸ್ಟೆಲಿನ ಹುಡುಗಿ, ಮಾತು ಕಡಿಮೆ.

“ನೀನು ನಾಯಕರಾಕೆ ಏನೇ?”

“ಅಲ್ಲ ಮೇಡಂ. ಹಕ್ಕಿಪಿಕ್ಕಿ.”

ಹಿಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹಾಕಿದರು. ನಾನು ಒಮ್ಮೆ ಕಣ್ಣು ಬಿಟ್ಟ ಮೇಲೆ ಸುಮ್ಮನಾದರು.

“ಮನ್ಯಾಗೆ ಯಾರ್ಯಾರ ಅದಾರೆ?”

“ಅಜ್ಜ, ಅಜ್ಜಿ. ಅಪ್ಪ ಅವ್ವ ಕೂದಲೆಣ್ಣೆ ಮಾರಾಕೆ ಊರೂರು ತಿರುಗ್ತಾರೆ. ಅಜ್ಜ ಹರಿಹರದ ಹತ್ರ ಸಾರಥಿ ಊರಾಗೆ ಮೆಕ್ಕೆಜೋಳದ ಹೊಲ ಕಾಯ್ತಾನೆ. ಹಕ್ಕಿ ಓಡಿಸ್ತಾನೆ.”

ಹಕ್ಕಿ ಹಿಡಿಯುವವರ ಮನೆಯವನು ಹಕ್ಕಿ ಓಡಿಸುತ್ತಾನೆಂದು ಇಡೀ ತರಗತಿ ಘೊಳ್ಳೆಂದು ನಕ್ಕಿತು. ನನಗೋ ಪಾಠಕ್ಕೆ ಒಳ್ಳೆಯ ಅವಕಾಶ ಸಿಕ್ಕಂತಾಯಿತು. ಬುಡಕಟ್ಟು ಜನರು ಕಾಡಿನಲ್ಲಿ ವಾಸಿಸುತ್ತಿದ್ದರು, ಬೇಟೆಯಾಡುತ್ತಿದ್ದರು, ಅವರದೇ ಭಾಷೆಯಿತ್ತು ಎಂದು ಶುರುಮಾಡಿದೆ. ಎದುರಿಗೆ ಒಬ್ಬಳು ಜೀವಂತ ನಿಂತಿದ್ದಾಳೆ, ನಾನು ಸತ್ತವರ ಬಗ್ಗೆ ಹೇಳುವಂತೆ ‘ಇದ್ದರು, ಇತ್ತು’ ಎನ್ನುತ್ತಿದ್ದೇನೆ! ಬೆಲ್ ಹೊಡೆಯುವ ತನಕ ಆ ಹುಡುಗಿ ನಿಂತೇ ಇದ್ದಳು. ಕೂಡು ಎಂದು ಹೇಳುವುದನ್ನೇ ನಾನು ಮರೆತಿದ್ದೆ. ಮರೆತದ್ದು ಕೂಡ ಆಗ ನನಗೆ ಗೊತ್ತಾಗಲಿಲ್ಲ.

ಆಗಸ್ಟ್ ಒಂಬತ್ತಕ್ಕೆ ಆದಿವಾಸಿ ದಿನ ಆಚರಿಸಬೇಕೆಂದು ಹೆಡ್ಮಾಸ್ಟರು ನಿಂಗರಾಜ್ ಸರ್ ಹೇಳಿದಾಗ ನಾನೇ ಮುಂದೆ ಬಿದ್ದು, “ಚಾರ್ಟ್ ಗೀರ್ಟ್ ಬ್ಯಾಡ ಸರ್, ಒಬ್ಬ ಹಕ್ಕಿಪಿಕ್ಕಿಯವನನ್ನೇ ಕರೆಸ್ತೀನಿ” ಎಂದೆ. ಸುನೀತಾಳ ಅಜ್ಜ ಕಾಯುತ್ತಿದ್ದುದು ನನ್ನ ಅಕ್ಕನ ಗಂಡ ಹಾಲೇಶಪ್ಪ ಭಾವನ ಹೊಲವನ್ನೇ. ಭಾನುವಾರ ಹರಿಹರದ ಬಸ್ಸು ಹಿಡಿದು, ಅಲ್ಲಿಂದ ಸಾರಥಿಗೆ ಹೋದೆ.

ಅಜ್ಜನ ಕೈಯಲ್ಲಿ ಕವಣೆ ಇರಲಿಲ್ಲ, ಬಡಿಯಲು ತಗಡಿನ ಡಬ್ಬಿಯೂ ಇರಲಿಲ್ಲ. ಬದುವಿನ ಮೇಲೆ ನಿಧಾನವಾಗಿ ನಡೆಯುತ್ತ, ಗಂಟಲಿನಲ್ಲೇ ಏನೋ ಸಣ್ಣ ಸದ್ದು ಮಾಡುತ್ತಿದ್ದರು. ತೆನೆಯ ಮೇಲೆ ಕೂತ ಗಿಳಿಗಳು ಗಾಬರಿಯಿಲ್ಲದೆ, ಅಪ್ಪಣೆ ಸಿಕ್ಕವರಂತೆ ಎದ್ದು ಹೊಳೆಯ ಕಡೆ ಹೋದವು. “ಏನ್ ಹೇಳ್ತಾನೋ ಕಾಣೆ ಕಣವ್ವ, ಹಿಂದಕ್ಕೆ ತಿರುಗಿ ಕೂಡ ನೋಡಲ್ಲ ಅವು” ಎಂದರು ಭಾವ.

ನೆರಳಿಗೆ ಕರೆದು ವಿಚಾರಿಸಿದೆ. ಈಗ ‘ಅವರು’ ಎಂದು ಗೌರವದಿಂದ ಬರೆಯುತ್ತಿದ್ದೇನೆ, ಅವತ್ತು ನೀನು-ತಾನು ಎಂದೇ ಮಾತಾಡಿಸಿದ್ದು. ಅವರಪ್ಪ ಹೊಳೆದಂಡೆಯ ಪೊದೆಗಳಲ್ಲಿ, ಉಕ್ಕಡಗಾತ್ರಿಯ ತನಕ, ಗೌಜುಗ ಹಿಡಿಯುತ್ತಿದ್ದರಂತೆ. ಗೌಜುಗ ಎಂದರೆ ಕೋಳಿಮರಿಯ ಗಾತ್ರದ ಬೂದು ಹಕ್ಕಿ, ಹಾರುವುದಕ್ಕಿಂತ ಓಡುವುದೇ ಜಾಸ್ತಿ. ಅದರ ದನಿಯಲ್ಲೇ ಕೂಗಿದರೆ ತಾನಾಗಿ ಬಲೆಯ ಹತ್ತಿರ ಬರುತ್ತದೆ. ಎಂಟು ವರ್ಷಕ್ಕೆಲ್ಲ ರಾಜಕುಮಾರ್ ಆ ಕೂಗು ಕಲಿತಿದ್ದರು. ಇಪ್ಪತ್ತೆಂಟನೇ ವಯಸ್ಸಿಗೆ ಅರಣ್ಯ ಇಲಾಖೆಯವರು ಬಲೆಯ ಸಮೇತ ಹಿಡಿದರು. ಬಿಟ್ಟ ಮೇಲೆ ಬಲೆಯನ್ನು ಹೊಳೆಯ ಮರಳಿನಲ್ಲಿ ಸುಟ್ಟು, ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಪ್ಲಾಸ್ಟಿಕ್ ಹೂ ಮಾರಿದರು, ಹಮಾಲಿ ಮಾಡಿದರು, ಕಡೆಗೆ ಹೊಲ ಕಾಯಲು ನಿಂತರು. ಶಾಲೆಗೆ ಬಂದು ಮಕ್ಕಳೆದುರು ಆ ಕೂಗು ತೋರಿಸು ಎಂದೆ.

“ಮೂವತ್ತು ವರ್ಷ ಆತು ಮೇಡಮ್ಮೋರೆ, ನಾ ಒಂದು ಹಕ್ಕೀನೂ ಕರೆದಿಲ್ಲ. ಓಡಿಸೋದಷ್ಟೇ. ಕರೆಯೋದು ತೋರ್ಸೋ ಕೆಲ್ಸ ಅಲ್ರೀ.”

“ಮಕ್ಕಳಿಗೆ ನಿಮ್ಮ ಸಂಸ್ಕೃತಿ ಗೊತ್ತಾಗಬ್ಯಾಡೇನು? ನಿನ್ನ ಮೊಮ್ಮಗಳಿಗೂ ಇದ್ರಾಗೆ ಮಾರ್ಕ್ಸ್ ಐತೆ” ಎಂದೆ. ಅದು ಶುದ್ಧ ಸುಳ್ಳು.

ಅಜ್ಜ ಕೈಯ ಮಣ್ಣು ಒರೆಸಿಕೊಂಡರು. “ಬರ್ತೀನಿ. ಆದ್ರೆ ನಾ ಮುಗಿಸೋ ಮಟ ಯಾರೂ ತಡೀಬಾರ್ದು. ಕರೆದ ಮ್ಯಾಲೆ ಬಿಟ್ಟು ಕಳಿಸ್ಬೇಕು. ಅದಕ್ಕೆ ಬ್ಯಾರೆ ಕೂಗು ಐತೆ. ಹಕ್ಕಿ ಬಲೆಗೆ ಬೀಳಲಿ ಬಿಡಲಿ, ಕೊನೀಗೆ ಅದನ್ನ ಕೂಗ್ಲೇಬೇಕು. ಇಲ್ಲಾಂದ್ರೆ...”

“ಆಯ್ತು ಆಯ್ತು, ಯಾರೂ ತಡೆಯಲ್ಲ. ಶುಕ್ರವಾರ ಹತ್ತೂವರೆಗೆ ಬಾ” ಎಂದು ಎದ್ದುಬಿಟ್ಟೆ. ಬಸ್ಸಿಗೆ ಹೊತ್ತಾಗುತ್ತಿತ್ತು. ‘ಇಲ್ಲಾಂದ್ರೆ’ ಎಂದದ್ದರ ಮುಂದೆ ಏನೆಂದು ಕೇಳುವ ವ್ಯವಧಾನ ನನಗೆಲ್ಲಿಂದ ಬರಬೇಕು?

ಶುಕ್ರವಾರ ಅಜ್ಜ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಒಂಬತ್ತನೇ ‘ಬಿ’ ಕೋಣೆಯಲ್ಲಿ ಮಕ್ಕಳು ಕಿಕ್ಕಿರಿದಿದ್ದರು. ಸುನೀತಾ ತಲೆ ತಗ್ಗಿಸಿ ಕೂತಿದ್ದಳು. ಅಜ್ಜ ಕಿಟಕಿಯ ಹತ್ತಿರ ನಿಂತು, ಎರಡು ಕೈ ಬಾಯಿಗೆ ಮುಚ್ಚಿ ಕೂಗಿದರು. ನಾನು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದೆ. ಮನುಷ್ಯನ ಗಂಟಲಿನಿಂದ ಬಂದ ಸದ್ದು ಎಂದು ನಂಬಲು ಆಗಲಿಲ್ಲ. ಮೂರು ಸಲ ಕೂಗಿ ನಿಲ್ಲಿಸಿದರು. ಕಾಂಪೌಂಡಿನಾಚೆ, ಖಾಲಿ ಸೈಟುಗಳ ಜಾಲಿ ಪೊದೆಯಿಂದ ಅದೇ ಕೂಗು ತಿರುಗಿ ಬಂತು.

ಮಕ್ಕಳು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಅಷ್ಟರಲ್ಲಿ ಬೆಲ್ ಹೊಡೆಯಿತು. ನಿಂಗರಾಜ್ ಸರ್ ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿಸಿಕೊಂಡು ಒಳಗೆ ನುಗ್ಗಿದರು. ಅಜ್ಜ ಕೈ ಎತ್ತಿ, “ತಡೀರಿ ಸಾಹೇಬ್ರೆ, ಇನ್ನೂ ಮುಗಿದಿಲ್ಲ” ಎಂದರು. ಕೊರಳಿಗೆ ಹಾರ ಬಿತ್ತು. “ಮುಗಿದಿಲ್ರೀ” ಎಂದು ನನ್ನ ಕಡೆ ತಿರುಗಿದರು. “ಸಾಕು ಬಿಡು, ಮುಂದಿನದು ಗಣಿತದ ಪೀರಿಯಡ್. ಫೋಟೊಕ್ಕೆ ನಿಲ್ಲು” ಎಂದೆ. ಶಾಲು ಹೊದಿಸಿ, ಫೋಟೊ ತೆಗೆದು, ಗೇಟಿನ ತನಕ ಸಾಗಹಾಕಿದೆವು. ಸನ್ಮಾನ ಮಾಡಿಯೇ ಮನುಷ್ಯನ ಬಾಯಿ ಮುಚ್ಚಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಆ ವಿಡಿಯೊವನ್ನು ನಾನು ಅವತ್ತೇ ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು.

ಮರುದಿನ ಮೂರನೇ ಪೀರಿಯಡ್‌ಗೆ ಹೋದಾಗ ಕಾಂಪೌಂಡ್ ಗೋಡೆಯ ಮೇಲೆ ಒಂದು ಗೌಜುಗ ಕೂತಿತ್ತು. ನಮ್ಮ ಕಿಟಕಿಯ ಕಡೆಗೇ ಮುಖ. ಮಕ್ಕಳು ಖುಷಿಪಟ್ಟರು. ಸೋಮವಾರ ನಾಲ್ಕು ಇದ್ದವು. ಬುಧವಾರ ಹನ್ನೊಂದು. ಕೂಗುತ್ತಿರಲಿಲ್ಲ, ಜಗಳವಾಡುತ್ತಿರಲಿಲ್ಲ, ರೆಕ್ಕೆ ಕೆದರಿಕೊಳ್ಳುತ್ತಲೂ ಇರಲಿಲ್ಲ. ಹಾಜರಿ ಕೂಗಿಸಿಕೊಳ್ಳಲು ಬಂದ ಮಕ್ಕಳ ಹಾಗೆ ಸಾಲಾಗಿ ಕೂತು, ಕತ್ತು ಮುಂದೆ ಚಾಚಿ ನೋಡುತ್ತಿದ್ದವು. ಮಕ್ಕಳು ಗೋಡೆಯ ಮೇಲೆ ಅಕ್ಕಿ, ನವಣೆ ಇಟ್ಟರು. ಒಂದೂ ಕೊಕ್ಕು ತಗ್ಗಿಸಲಿಲ್ಲ. ಕಾಳಿಗೆ ಇರುವೆ ಮುತ್ತಿತು.

“ಪರಿಸರಸ್ನೇಹಿ ಶಾಲೆ ಅಂತ ಅರ್ಜಿ ಹಾಕೋಣ ಮೇಡಂ” ಎಂದು ನಿಂಗರಾಜ್ ಸರ್ ಫೋಟೊ ತೆಗೆದರು. ನಾನೂ ನಕ್ಕೆ. ಗುರುವಾರ ಒಬ್ಬ ಹುಡುಗನ ತಾಯಿ ಅಕ್ಕನಾಗಮ್ಮ ಫೋನ್ ಮಾಡಿ, “ಮೇಡಂ, ನಮ್ಮ ಟೆರೇಸಿನ ಮ್ಯಾಲೆ ಎರಡು ಹಕ್ಕಿ ಕುಂತಾವೆ. ಬಟ್ಟೆ ಒಣಗಾಕೋಕೂ ಎದ್ದೇಳವಲ್ಲವು. ನಿನ್ನೆ ನಮ್ಮ ಹುಡುಗ ನಿಮ್ಮ ವಿಡಿಯೊ ಹಾಕಿದ್ದ, ಅದಕ್ಕೇ ಏನೋ” ಎಂದಾಗ ನಗು ಬರಲಿಲ್ಲ. ಅವತ್ತು ಇನ್ನೂ ಮೂರು ಮನೆಯಿಂದ ಫೋನ್ ಬಂತು. ಶುಕ್ರವಾರ ಬೆಳಗ್ಗೆ ನಾನು ಹಿತ್ತಲಲ್ಲಿ ಅಕ್ಕಿ ತೊಳೆಯುತ್ತಿದ್ದೆ. ನಲ್ಲಿಯ ಪಕ್ಕ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಂದು ಗೌಜುಗ ನಿಂತಿತ್ತು. ಮುನ್ನಾದಿನ ಮನೆಗೆ ಬಂದಿದ್ದ ಅಕ್ಕನಿಗೆ ತೋರಿಸಲೆಂದು ಅಲ್ಲೇ ನಿಂತು ವಿಡಿಯೊ ಹಚ್ಚಿದ್ದೆ. ಹುಶ್ ಎಂದೆ, ನೀರು ಚಿಮ್ಮಿದೆ. ಒದ್ದೆಯಾಗಿ ಹಾಗೇ ನಿಂತು ನನ್ನ ಬಾಯಿಯನ್ನೇ ನೋಡುತ್ತಿತ್ತು. ಅಕ್ಕಿಯನ್ನು ಅಲ್ಲೇ ಬಿಟ್ಟು ಒಳಗೆ ಬಂದು ಚಿಲಕ ಹಾಕಿಕೊಂಡೆ.

ಆ ವಾರವೇ ಸುನೀತಾಳದೊಂದು ಶುರುವಾಯಿತು. ಮೂರನೇ ಪೀರಿಯಡ್ ಬಂತೆಂದರೆ ಎದ್ದು ಕಿಟಕಿಯ ಪಕ್ಕ ನಿಲ್ಲುವಳು. ತುಟಿ ಬಿಗಿದುಕೊಂಡು ಹೊರಗೆ ನೋಡುವಳು. ನನಗೆ ಮೊದಲೇ ತಲೆ ಕೆಟ್ಟಿತ್ತು. “ನಿಲ್ಲೋದು ಅಷ್ಟು ಇಷ್ಟ ಇದ್ರೆ ನಿಂತೇ ಇರು, ನಂದೇನು ಹೋಗ್ತದೆ!” ಎಂದು ಕಿರುಚಿದೆ. ದಿನಾ ನಿಂತಳು. ಹೊರಗೆ ಹಕ್ಕಿಗಳು, ಒಳಗೆ ಈ ಹುಡುಗಿ, ನಡುವೆ ನಾನು ಪಾಠ ಹೇಳುತ್ತಿದ್ದೆ. ಏನು ಹೇಳಿದೆನೋ ದೇವರಿಗೇ ಗೊತ್ತು.

ಮುಂದಿನ ವಾರದ ಶನಿವಾರ ಗೋಡೆಯ ಬುಡದಲ್ಲಿ ಒಂದು ಹಕ್ಕಿ ಸತ್ತು ಬಿದ್ದಿತ್ತು. ವಾಚ್‌ಮನ್ ಅಜ್ಜಪ್ಪ ಅದನ್ನು ಎತ್ತಿ ನನ್ನ ಕೈಗಿಟ್ಟ. ಒಣಗಿದ ಎಲೆಯಷ್ಟು ಹಗುರ. ಅಜ್ಜಪ್ಪ ಹಿಂದೆ ಮುಂದೆ ನೋಡಿ ಹೇಳಿದ: “ಮೇಡಂ, ಆ ಮುದುಕ ಬಂದಿದ್ದ.”

“ಯಾವ ಮುದುಕ?”

“ಶಾಲು ಹೊದಿಸಿದ್ರಲ್ಲ, ಅವ್ನೇ. ಮೂರು ದಿನ ಬಂದ. ಒಳಗೆ ಬಿಡಪ್ಪ, ಮುಗಿಸಿ ಹೋಗ್ತೀನಿ ಅಂದ. ಕ್ಲಾಸ್ ಟೈಮಲ್ಲಿ ಹೊರಗಿನೋರ್ನ ಬಿಡಬ್ಯಾಡ ಅಂತ ರೂಲ್ಸ್ ಐತಲ್ರೀ. ಸಂಜೀ ಮಟ ಬಿಸಿಲಾಗೆ ಗೇಟ್ ಹಿಡ್ಕೊಂಡು ನಿಂತಿರ್ತಿದ್ದ. ಮೂರನೇ ದಿನ ಇಲ್ಲೇ ತಲೆ ತಿರುಗಿ ಬಿದ್ದ. ನಾನೇ ಆಟೊ ಹತ್ತಿಸಿ ಕಳಿಸ್ದೆ.”

ಅಜ್ಜಪ್ಪನನ್ನು ಬೈಯುವ ಹಾಗಿರಲಿಲ್ಲ. ಆ ರೂಲ್ಸ್ ಬರೆಸಿದವಳೂ ನಾನೇ.

ಮರುದಿನವೇ ಹರಿಹರಕ್ಕೆ ಹೋದೆ. ಊರ ಹೊರಗೆ, ಹೊಳೆಯ ಕಡೆ, ತಗಡಿನ ಮನೆಗಳ ಸಾಲು. ಅಜ್ಜ ಹೊರಸಿನ ಮೇಲೆ ಮಲಗಿದ್ದರು. ಮುಖ ದಾವಣಗೆರೆಯ ದಿಕ್ಕಿಗೆ ತಿರುಗಿತ್ತು. ಕತ್ತು ಮುಂದೆ ಚಾಚಿಕೊಂಡಿತ್ತು. ನಾನು ಒಳಗೆ ಬಂದರೂ ಕಣ್ಣು ಮಿಟುಕಿಸಲಿಲ್ಲ. ಈ ನೋಟವನ್ನು ನಾನು ಎರಡು ವಾರದಿಂದ ದಿನಾ ನೋಡುತ್ತಿದ್ದೆ.

ಅವರ ಹೆಂಡತಿ ದುರುಗವ್ವ ಚಾಪೆ ಹಾಸಿದರು. “ಕೂಡ್ರಿ ಮೇಡಮ್ಮ. ಒಂಬತ್ತು ದಿನ ಆತು, ಒಂದು ಅಗುಳು ಇಳಿದಿಲ್ಲ. ದೊಡ್ಡಾಸ್ಪತ್ರೇಲಿ ನೋಡಿದ್ರು. ಗಂಟಲಾಗೆ ಏನೂ ಇಲ್ಲ ಅಂತಾರೆ. ಮಾತೂ ಹೋಗೈತೆ.”

“ಅವತ್ತು ಅವರು ಏನೋ ಹೇಳೋಕೆ ಬಂದಿದ್ರು. ಬಿಟ್ಟು ಕಳಿಸ್ಲಿಲ್ಲಾಂದ್ರೆ ಏನಾಗ್ತದೆ ಅಂತ. ನಾನು ಕೇಳ್ಲಿಲ್ಲ.”

ದುರುಗವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಕರೆಸ್ಕೊಂಡಿದ್ದು ತಿನ್ನಲ್ಲ, ಹೋಗಲ್ಲ. ಕಾಯ್ತದೆ. ಕರೆದೋನ ಗತೀನೂ ಅಷ್ಟೇ. ನಮ್ಮ ಮಾವ ಹಂಗೇ ಹೇಳ್ತಿದ್ರು. ಈಗ ಇವ್ನು ಇರಾಕೂ ಆಗವಲ್ದು, ಹೋಗಾಕೂ ಆಗವಲ್ದು. ಕರೆದ ಜಾಗದಾಗೇ ನಿಂತು ಬಿಟ್ಟು ಕಳಿಸೋ ಕೂಗು ಕೂಗ್ಬೇಕು. ಇವ್ನಿಗೆ ಇನ್ನ ಆಗಲ್ಲ.” ಇದು ಅವರ ಜನರಿಗೆಲ್ಲ ಇದ್ದ ನಂಬಿಕೆಯೋ, ಅವರ ಮನೆಯದಷ್ಟೋ ನನಗೆ ತಿಳಿಯದು. ಇಪ್ಪತ್ತಾರು ವರ್ಷ ಬುಡಕಟ್ಟು ಜನರ ಪಾಠ ಮಾಡಿದವಳಿಗೆ ಅಷ್ಟೂ ತಿಳಿಯದು.

“ಬೇರೆ ಯಾರಿಗೂ ಆ ಕೂಗು ಬರಲ್ವೇನವ್ವ?”

“ಸುನೀತಾಗೆ ಬರ್ತೈತೆ. ಹೊಲದಾಗೆ ಹಕ್ಕಿ ಓಡಿಸ್ತಾನಲ್ಲ, ಅದೇ ಕೂಗು. ಚಿಕ್ಕೋಳಿದ್ದಾಗಿಂದ ಅಜ್ಜನ ಹಿಂದೆ ಬದುವಿನ ಮ್ಯಾಲೆ ಅಡ್ಡಾಡಿ ಕಲ್ತಾಳೆ. ಆದ್ರೆ ಕೂಗವಲ್ಲಳು. ನಾ ಫೋನಾಗೆ ಹೇಳಿ ಸಾಕಾತು. ಹಕ್ಕಿ ಹೋದ್ರೆ ಅಜ್ಜನೂ ಹೋಗ್ತಾನೆ ಅಂತ ಹೆದ್ರಿಕಿ ಅವ್ಳಿಗೆ. ದಿನಾ ಆ ಹಕ್ಕಿ ಅಲ್ಲೇ ಐತಾ ಅಂತ ನಿಂತು ನೋಡ್ತಾಳಂತೆ. ಇದ್ರೆ ಅಜ್ಜ ಅದಾನೆ ಅಂತ.”

ಹೊರಸಿನ ಮೇಲಿಂದ ಅಜ್ಜನ ಕೈ ಮೆಲ್ಲಗೆ ಎದ್ದಿತು. ಮುಷ್ಟಿ ನನ್ನ ಕಡೆ ಬಂತು, ಹಿಡಿದ ಹಕ್ಕಿಯನ್ನು ಬಿಡುವ ಹಾಗೆ ನನ್ನ ಅಂಗೈ ಮೇಲೆ ಬಿಚ್ಚಿಕೊಂಡಿತು. ಒಳಗೆ ಏನೂ ಇರಲಿಲ್ಲ. ನಾನು ಅವರ ಕೈ ಹಿಡಿದು ಅತ್ತೆ. “ತಪ್ಪಾತು ಅಜ್ಜಾರೆ. ಹೇಳ್ತೀನಿ ಅವಳಿಗೆ” ಎಂದೆ. ಅವರನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಸೋಮವಾರ ಮೂರನೇ ಪೀರಿಯಡ್. ಗೋಡೆಯ ಮೇಲೆ ಸಂದಿಲ್ಲದಷ್ಟು ಹಕ್ಕಿಗಳು. ಹೊಸ ನವಣೆ ಹಾಗೇ ಬಿದ್ದಿತ್ತು. ಸುನೀತಾ ಎದ್ದು ಕಿಟಕಿಗೆ ಹೋದಳು. ನಾನು ಪುಸ್ತಕ ತೆರೆಯಲಿಲ್ಲ. ಮಕ್ಕಳೆದುರು ಎಲ್ಲವನ್ನೂ ಹೇಳಿದೆ. ಮಾರ್ಕ್ಸ್ ಎಂದು ಸುಳ್ಳು ಹೇಳಿದ್ದು, ಮುಗಿದಿಲ್ಲ ಎಂದರೂ ಹಾರ ಹಾಕಿಸಿದ್ದು, ಗೇಟಿನಲ್ಲಿ ಅಜ್ಜ ನಿಂತಿದ್ದು. ಒಬ್ಬರೂ ಕಿಸಕ್ಕೆನ್ನಲಿಲ್ಲ.

“ಸುನೀತಾ, ಅಜ್ಜ ನನ್ನ ಕೈಯಾಗೆ ಹಿಂಗೆ ಮುಷ್ಟಿ ಬಿಚ್ಚಿದ್ರು. ನಾನು ಮಾತು ಮುಟ್ಟಿಸಾಕಷ್ಟೇ ಬಂದೀನಿ. ಕೂಗು ಅನ್ನಲ್ಲ. ಬ್ಯಾಡ ಅನ್ನಲ್ಲ.”

ಅವಳು ತಿರುಗಿ ನೋಡಲಿಲ್ಲ. “ಅಜ್ಜ ಹೊಟ್ಟೆಗೇನಾದ್ರೂ ತಿಂದ್ನಾ ಮೇಡಂ?”

“ಇಲ್ಲವ್ವ.”

“ಇವೂ ತಿಂದಿಲ್ಲ” ಎಂದಳು.

ಗೋಡೆಯ ಮೇಲಿನ ಒಂದು ಹಕ್ಕಿ ಓಲಾಡಿ, ಬೀಳುವಂತಾಗಿ, ಮತ್ತೆ ಕಾಲೂರಿ ಕತ್ತು ಚಾಚಿತು. ಅದನ್ನು ಕಂಡು ಸುನೀತಾ ಎರಡು ಕೈ ಬಾಯಿಗೆ ಮುಚ್ಚಿಕೊಂಡಳು.

ಅದು ಜೋರಾದ ಕೂಗಲ್ಲ. ಮಗುವನ್ನು ಬಾಗಿಲ ತನಕ ಕಳಿಸಿಕೊಡುವಾಗ ತಾಯಿ ಹೇಳುವ ಮಾತಿನಷ್ಟು ಮೆಲ್ಲಗೆ, ಉದ್ದಕ್ಕೆ, ಇಳಿಯುತ್ತ ಹೋಗುವ ದನಿ. ಒಮ್ಮೆ ಕೂಗಿದಳು. ಎರಡನೆಯದು ನಡೆಯುತ್ತಿದ್ದಾಗ ಬೆಲ್ ಹೊಡೆಯಿತು. ಬಾಗಿಲಲ್ಲಿ ಗಣಿತದ ಮಾಲತೇಶ್ ಸರ್ ಸೀಮೆಸುಣ್ಣ ಹಿಡಿದು ನಿಂತರು. ನಾನು ಓಡಿಹೋಗಿ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದೆ. “ಮುಗಿದಿಲ್ಲ ಸರ್” ಎಂದೆ. “ಮುಗಿಯೋ ತನಕ ಯಾರೂ ಒಳಗೆ ಬರಂಗಿಲ್ಲ.”

ಮೂರನೆಯ ಕೂಗು ಮುಗಿದ ಮೇಲೆ, ಗೋಡೆಯ ಮೇಲಿನ ಹಕ್ಕಿಗಳು ಒಟ್ಟಿಗೇ ಕತ್ತು ತಗ್ಗಿಸಿದವು. ನವಣೆ ತಿಂದವು. ಕೊಕ್ಕು ಸಿಮೆಂಟಿಗೆ ತಾಗುವ ಟಕಟಕ ಸದ್ದು ತರಗತಿಗೆಲ್ಲ ಕೇಳುತ್ತಿತ್ತು. ಕಾಳು ಖಾಲಿಯಾದಂತೆ ಒಂದೊಂದಾಗಿ ಆಚೆಗೆ ಹಾರಿ ಜಾಲಿಯೊಳಗೆ ಹೋದವು. ದೂರದ ಟೆರೇಸುಗಳಿಂದಲೂ ಏನೋ ಎದ್ದು ಹೋದದ್ದು ಕಂಡಿತು. ಗೋಡೆ ಬರಿದಾಯಿತು.

ಮೇಜಿನ ಮೇಲೆ ನನ್ನ ಮೊಬೈಲು ಅದುರತೊಡಗಿತು. ದುರುಗವ್ವನ ನಂಬರು. ಎತ್ತಲು ಕೈ ಬರಲಿಲ್ಲ. ಸುನೀತಾಳೇ ಬಂದು ಎತ್ತಿದಳು. ಅವರ ಭಾಷೆಯಲ್ಲಿ ಎರಡು ಮಾತಾಡಿ, ಕೇಳಿಸಿಕೊಂಡು, ಫೋನನ್ನು ಜೋಪಾನವಾಗಿ ಮೇಜಿನ ಮೇಲಿಟ್ಟಳು.

“ಗಂಜಿ ಕುಡಿದ್ನಂತೆ ಮೇಡಂ. ತಾನೇ ಬೇಡಿ, ಒಂದು ಬಟ್ಟಲು ಪೂರ್ತಿ” ಎಂದಳು. “ಕುಡಿದು ಹೋದ್ನಂತೆ.”

ತನ್ನ ಬೆಂಚಿನ ಹತ್ತಿರ ಹೋಗಿ ಹಾಗೇ ನಿಂತಳು. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಏನು ಕಾಯುತ್ತಿದ್ದಾಳೆಂದು ನನಗೆ ಆಗ ಹೊಳೆಯಿತು. ಜೂನ್ ತಿಂಗಳಲ್ಲಿ ಎದ್ದು ನಿಲ್ಲು ಎಂದವಳು ನಾನು, ನಿಂತೇ ಇರು ಎಂದವಳೂ ನಾನೇ.

“ಕೂಡವ್ವ ಸುನೀತಾ” ಎಂದೆ.

ಅವಳು ಕೂತಳು, ಬೆಂಚಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ನಾನು ಹೋಗಿ ಅವಳ ಪಕ್ಕ ಕೂತೆ.